ಕರೆಂಟ್ ಇಲ್ಲದ ದಿನ ಗೊತ್ತಿಲ್ಲದ ಪದ ಸಿಕ್ಕಿದರೆ

ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಎಲ್ಲೋ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದಿರುತ್ತದೆ. ಮೊದಲ ದಿನ ಫೋನಿನ ಚಾರ್ಜ್ ಮುಗಿಯುತ್ತದೆ. ಎರಡನೇ ದಿನ ಟವರ್ ಕೂಡ ಮಲಗುತ್ತದೆ. ಆಮೇಲೆ ಕಪಾಟಿನ ಪುಸ್ತಕಗಳೇ ಗತಿ.

ನಾನು ಮಂಡ್ಯ ಕಡೆಯವಳು. ಯಜಮಾನರಿಗೆ ತೋಟದ ಆಫೀಸಿನಲ್ಲಿ ಕೆಲಸ ಸಿಕ್ಕಿ ವಿರಾಜಪೇಟೆ ಹತ್ತಿರ ಬಂದು ನೆಲೆಸಿ ಹದಿನಾಲ್ಕು ಮಳೆಗಾಲ ಆಯಿತು. ಪಕ್ಕದ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ. ಮಳೆ ಹಿಡಿದ ಸಂಜೆ ಬಂದು ನಮ್ಮ ಒಲೆ ಮುಂದೆ ಕೂರುತ್ತಾಳೆ, ಇಬ್ಬರೂ ಸೇರಿ ಏನಾದರೂ ಓದುತ್ತೇವೆ. ಗೊತ್ತಿಲ್ಲದ ಪದ ಬಂದರೆ ಮೊದಲೆಲ್ಲ ಅವಳ ಕೈ ಸೀದಾ ಫೋನಿಗೆ ಹೋಗುತ್ತಿತ್ತು. ಫೋನ್ ಸತ್ತ ದಿನಗಳಲ್ಲಿ ಬೇರೆ ದಾರಿ ಹುಡುಕಬೇಕಾಯಿತು. ಆ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಮಕ್ಕಳಿಗೆ ಓದಿಸುವವರಿಗೂ ಆದೀತು, ಹಳೆ ಕಾದಂಬರಿ ಕೈಗೆತ್ತಿಕೊಂಡು ಹತ್ತನೇ ಪುಟಕ್ಕೆ ಕೆಳಗಿಟ್ಟವರಿಗೂ ಆದೀತು.

ಇಡೀ ವಿಧಾನ ನಿಂತಿರುವುದು ಒಂದೇ ಮಾತಿನ ಮೇಲೆ: ಊಹೆಗೆ ಎರಡು ಸಾಕ್ಷಿ ಬೇಕು. ಒಂದು ಸಾಕ್ಷಿ ಪದದ ಸುತ್ತ ಇರುವ ಮಾತು. ಇನ್ನೊಂದು ಪದದ ಒಳಗಿರುವ ತುಂಡುಗಳು. ಎರಡೂ ಒಂದೇ ಕಡೆ ಕೈ ತೋರಿಸಿದರೆ ಮುಂದೆ ಓದಿ. ಒಂದು ಹೌದು ಅಂದು ಇನ್ನೊಂದು ಅಲ್ಲ ಅಂದರೆ ಅಲ್ಲೇ ನಿಲ್ಲಿ. ಇದನ್ನು ನಾನು ಕಲಿತದ್ದು ನಗೆಪಾಟಲಾಗಿ.

ನರಿ ಮದುವೆಯ ಕಥೆ

ಇಲ್ಲಿಗೆ ಬಂದ ಹೊಸದು. ಪತ್ರಿಕೆಯೊಂದರಲ್ಲಿ ಕೊಡಗಿನ ಹಳೆ ಪದ್ಧತಿಗಳ ಬಗ್ಗೆ ಬರಹವಿತ್ತು. ಹಿಂದೆ ಇಲ್ಲಿ 'ನರಿ ಮಂಗಲ' ನಡೆಯುತ್ತಿತ್ತು ಅಂತ ಅದರಲ್ಲಿ ಬರೆದಿದ್ದರು. ನರಿ ಗೊತ್ತು, ಮಂಗಲ ಅಂದರೆ ಮದುವೆ, ಅದೂ ಗೊತ್ತು. ನಮ್ಮೂರಲ್ಲಿ ಬಿಸಿಲೂ ಮಳೆಯೂ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅನ್ನುತ್ತಾರೆ. ಸರಿ, ಕೊಡಗಿನಲ್ಲಿ ಮಳೆ ಜಾಸ್ತಿ ಅಲ್ವಾ, ಅದಕ್ಕೊಂದು ಹಬ್ಬವನ್ನೇ ಮಾಡುತ್ತಿದ್ದರು ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬೇಕಿತ್ತು. ಪಕ್ಕದ ತೋಟದ ಅಜ್ಜನ ಹತ್ತಿರ, "ಈಗಲೂ ಬಿಸಿಲುಮಳೆ ಬಂದಾಗ ನರಿ ಮಂಗಲ ಮಾಡ್ತೀರಾ ಅಜ್ಜ?" ಅಂತ ಕೇಳಿಬಿಟ್ಟೆ.

ಅಜ್ಜ ನಕ್ಕು ಸುಸ್ತಾದರು. "ಅಲ್ಲ ಮಗಾ, ನಮ್ಮ ತಕ್ಕ್‌ನಲ್ಲಿ ನರಿ ಅಂದ್ರೆ ಹುಲಿ." ತಕ್ಕ್ ಅಂದರೆ ಕೊಡವರ ಭಾಷೆ.

ಹುಲಿ ಕೊಂದವನನ್ನು ಮದುಮಗನ ಹಾಗೆ ಸಿಂಗರಿಸಿ, ಸತ್ತ ಹುಲಿಯ ಪಕ್ಕ ಕೂರಿಸಿ ಗೌರವಿಸುತ್ತಿದ್ದ ಹಳೆಯ ಪದ್ಧತಿ ಅದು. ಮನೆಗೆ ಬಂದು ಬರಹ ಮತ್ತೆ ತೆಗೆದು ನೋಡಿದೆ. ಮುಂದಿನ ಸಾಲಿನಲ್ಲೇ ಕೋವಿಯ ಮಾತಿತ್ತು, ಬೇಟೆಯ ಮಾತಿತ್ತು, ವೀರ ಎಂಬ ಪದವೂ ಇತ್ತು. ಮಳೆಯ ಸುದ್ದಿ ಒಂದಕ್ಷರ ಇರಲಿಲ್ಲ. ಪದದ ಒಳಗನ್ನು ನಂಬಿ ಸುತ್ತಲಿನದನ್ನು ನಾನು ಕೇಳಲೇ ಇಲ್ಲ. ಎರಡನೇ ಸಾಕ್ಷಿ ಎದುರಿಗೇ ಕೂತಿತ್ತು.

ಮೊದಲು ಮಾಡಬೇಕಾದ್ದು: ನಿಲ್ಲದೆ ಓದುವುದು

ಪದ ತಡೆದ ಕೂಡಲೇ ನಿಲ್ಲಬೇಡಿ. ಕೆಳಗೊಂದು ಪೆನ್ಸಿಲ್ ಗೀಟು ಎಳೆದು ಆ ಪ್ಯಾರಾ ಮುಗಿಸಿ. ಅರ್ಧಕ್ಕರ್ಧ ಪದಗಳು ಎರಡು ಸಾಲು ಮುಂದೆ ಹೋದ ಮೇಲೆ ತಾವೇ ಬಾಯಿ ಬಿಡುತ್ತವೆ.

ಎಲ್ಲ ಪದಕ್ಕೂ ತಲೆ ಕೆಡಿಸಿಕೊಳ್ಳುವುದೂ ಬೇಡ. 'ಹೊಳೆಯ ದಡದಲ್ಲಿ ಹೊಂಗೆ, ಅತ್ತಿ, ನೀರಂಜಿ ಮರಗಳು' ಅಂತ ಬಂದರೆ ನೀರಂಜಿ ಯಾವುದೋ ಮರ ಅಂತ ಗೊತ್ತಾದರೆ ಸಾಕು. ಕಥೆ ಆ ಮರದ ಮೇಲೆ ನಿಂತಿಲ್ಲ. ಯಾವ ಪದ ಬಿಟ್ಟರೆ ಯಾರು ಏನು ಮಾಡಿದರು ಅನ್ನುವುದೇ ತಿಳಿಯುವುದಿಲ್ಲವೋ ಅದರ ಬೆನ್ನು ಹಿಡಿಯಿರಿ.

ಗ್ರಂಥಾಲಯದ ಪುಸ್ತಕವಾದರೆ ಗೀಟು ಎಳೆಯಬೇಡಿ, ಚೀಟಿ ಇಡಿ.

ಆಮೇಲೆ: ಸುತ್ತ ನೋಡುವುದು

ಮಾತಿನಲ್ಲಿ ಹೇಳಿದರೆ ಹಿಡಿಯುವುದು ಕಷ್ಟ. ಹುಡುಗಿಗಾಗಿ ನಾನೇ ಒಂದು ಪ್ಯಾರಾ ಬರೆದೆ, ಹಳೆ ಕಾದಂಬರಿಗಳ ಧಾಟಿಯಲ್ಲಿ. ಒಮ್ಮೆ ಓದಿ:

"ಹೆಮ್ಮಳೆಗೆ ಹೊಳೆ ಉಕ್ಕಿ ಕಾಲುಸಂಕ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ಅಂಬಿಗ ಹುಟ್ಟನ್ನು ಹೆಗಲ ಮೇಲಿಟ್ಟು ನಿಂತಿದ್ದ. ನೀರಿನ ಸೆಳವು ನೋಡಿ ಅವನಿಗೂ ಎದೆ ನಡುಗಿತು. ನಟ್ಟಿರುಳಲ್ಲಿ ದೋಣಿ ಇಳಿಸುವುದು ಹುಡುಗಾಟವೇ? ಬೆಳಗಿನಿಂದ ನಡೆದು ಬಸವಳಿದ ಮುದುಕಿ ಕಂಬನಿ ಒರೆಸಿಕೊಂಡು, ಒದ್ದೆ ಸೆರಗನ್ನೇ ಹೊದ್ದು ಈಚೆ ದಡದಲ್ಲಿ ಕೂತಳು."

ಅವಳು ಮೊದಲು ಎಡವಿದ್ದು 'ಹುಟ್ಟು' ಪದದಲ್ಲಿ. ಗೊತ್ತಿಲ್ಲದ ಪದ ಅಂತ ಅಲ್ಲ, ಗೊತ್ತಿದೆ ಅಂತ. "ಹುಟ್ಟು ಅಂದ್ರೆ ಜನ್ಮ ಅಲ್ವಾ ಆಂಟಿ? ಜನ್ಮವನ್ನು ಹೆಗಲ ಮೇಲೆ ಹೇಗೆ ಇಡೋದು?" ಪ್ರಶ್ನೆಯಲ್ಲೇ ಉತ್ತರವಿತ್ತು. ಹೆಗಲ ಮೇಲೆ ಇಡಬಹುದಾದ್ದು, ದೋಣಿಯವನ ಕೈಯಲ್ಲಿ ಇರುವಂಥದ್ದು. "ಓ, ದೋಣಿ ನಡೆಸೋ ಕೋಲು!" ಹೌದು, ನೀರು ತಳ್ಳುವ ಹಲಗೆಗೋಲು. ಅಡುಗೆಮನೆಯಲ್ಲಿ ಪಾಯಸ ಬಡಿಸುವ ಮರದ ಸೌಟಿಗೂ ಕೆಲವು ಕಡೆ ಹುಟ್ಟು ಅನ್ನುತ್ತಾರೆ.

ನನ್ನ ಅನುಭವದಲ್ಲಿ ಪೂರ್ತಿ ಹೊಸ ಪದ ಅಷ್ಟು ಅಪಾಯವಲ್ಲ. ಅದು ಕಣ್ಣಿಗೆ ಚುಚ್ಚುತ್ತದೆ, ನಾವು ನಿಲ್ಲುತ್ತೇವೆ. ಗೊತ್ತಿರುವ ವೇಷದಲ್ಲಿ ಬರುವ ಪದವೇ ಮೋಸ ಮಾಡುವುದು. 'ಒರೆ' ನೋಡಿ. ಚಿನ್ನವನ್ನು ಒರೆಗೆ ಹಚ್ಚುತ್ತಾರೆ, ಅಲ್ಲಿ ಅದು ಕಲ್ಲು. ಪೀಚೆಕತ್ತಿಯನ್ನು ಒರೆಯಿಂದ ತೆಗೆದ ಅಂದರೆ ಅದು ಕತ್ತಿ ಸೇರಿಸುವ ಚೀಲ. ಹಳೆ ಪದ್ಯದಲ್ಲಿ 'ಒರೆ' ಅಂದರೆ ಹೇಳು ಅಂತಲೂ ಇರಬಹುದು. ಹಾಗೇ 'ಇತ್ತ'. 'ಇತ್ತ ಬಾ' ಅಂದರೆ ಈ ಕಡೆ. 'ಮಾತು ಇತ್ತ' ಅಂದರೆ ಮಾತು ಕೊಟ್ಟ. ವಾಕ್ಯ ಸ್ವಲ್ಪ ವಿಚಿತ್ರವಾಗಿ ಕೇಳಿದರೆ ಗೊತ್ತಿರುವ ಪದಗಳ ಮೇಲೇ ಮೊದಲು ಅನುಮಾನ ಪಡಿ.

ಸುತ್ತ ನೋಡುವಾಗ ಪದದ ಬಾಲ ಹಿಡಿದರೆ ಕೆಲಸ ಸುಲಭ. 'ಅನ್ನು' ಇದ್ದರೆ ಅದರ ಮೇಲೆ ಏನೋ ಕೆಲಸ ನಡೆದಿದೆ. 'ಇಂದ' ಇದ್ದರೆ ಸಾಧನವೋ ಜಾಗವೋ. ಕೊನೆಯಲ್ಲಿ 'ಇದ', 'ಉವ' ಬಂದು ಮುಂದೊಂದು ಹೆಸರು ನಿಂತಿದ್ದರೆ ಆ ಹೆಸರಿನ ಗುಣವನ್ನೋ ಕೆಲಸವನ್ನೋ ಹೇಳುತ್ತಿದೆ. 'ಬಸವಳಿದ ಮುದುಕಿ' ಅಂದಾಗ ಮುದುಕಿ ಹೇಗಿದ್ದಳು ಅಂತ ಹೇಳುತ್ತಿದೆ ಅನ್ನುವುದು ಅರ್ಥ ಗೊತ್ತಾಗುವ ಮೊದಲೇ ಗೊತ್ತಾಗುತ್ತದೆ. 'ಅವನಿಗೂ' ಎಂಬಲ್ಲಿನ 'ಊ' ಕೂಡ ಸಣ್ಣ ಸುಳಿವಲ್ಲ. ದಿನಾ ನೀರಿನಲ್ಲೇ ಇರುವವನಿಗೂ ಎದೆ ನಡುಗಿತು ಅಂದಮೇಲೆ ಸೆಳವು ಅಂದರೆ ಸಾಮಾನ್ಯ ಹರಿವು ಅಲ್ಲ, ಎಳೆದುಕೊಂಡು ಹೋಗುವಂಥದ್ದು. 'ಆದರೂ', 'ಆದರೆ' ಕಂಡರೆ ನಿಧಾನಿಸಿ. ಆಚೆ ಬದಿಯ ಅರ್ಥ ಗೊತ್ತಿದ್ದರೆ ಈಚೆ ಬದಿಯದು ಹೆಚ್ಚಾಗಿ ಅದರ ಉಲ್ಟಾ.

ಕನ್ನಡದಲ್ಲಿ ಇನ್ನೊಂದು ಅನುಕೂಲ ಉಂಟು. ಅದು ಜೋಡಿ ಪದ. ದವಸಧಾನ್ಯ, ಬಂಧುಬಳಗ, ಗಿಡಗಂಟಿ, ಕಾಡುಮೇಡು. ಎರಡರಲ್ಲಿ ಒಂದು ಗೊತ್ತಿದ್ದರೆ ಇನ್ನೊಂದು ಅದರ ಪಕ್ಕದ ಮನೆಯದು. ಧಾನ್ಯ ಗೊತ್ತು, ಹಾಗಾದರೆ ದವಸವೂ ಕಾಳುಕಡ್ಡಿಯೇ. ಕಾಡಿನ ಜೊತೆ ಬಂದ ಮೇಡು ಎತ್ತರದ ಜಾಗ, ದಿಬ್ಬ. ಆದರೆ ಕಾಫಿಗೀಫಿಯ 'ಗೀಫಿ'ಗೆ ಅರ್ಥ ಹುಡುಕಬೇಡಿ. ಹುಡುಗಿ ಒಂದು ದಿನ 'ಪುಸ್ತಕಗಿಸ್ತಕ' ಓದಿ ಗಿಸ್ತಕ ಅಂದರೇನು ಅಂತ ಗಂಭೀರವಾಗಿ ಕೇಳಿದ್ದಳು.

ಪದವನ್ನು ಬಿಚ್ಚುವುದು

ಇದು ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ. ಕನ್ನಡದ ಪದಗಳು ಅಂಟಿಕೊಳ್ಳುವಾಗ ಸ್ವಲ್ಪ ಬಣ್ಣ ಬದಲಿಸುತ್ತವೆ. ಆ ಬದಲಾವಣೆಗೆ ಲೆಕ್ಕ ಇದೆ. ನಾಲ್ಕು ಲೆಕ್ಕ ಗೊತ್ತಿದ್ದರೆ ಬಹಳ ಪದ ಬಿಚ್ಚಿಕೊಳ್ಳುತ್ತವೆ. ಶಾಲೆಯಲ್ಲಿ ಸಂಧಿ ಅಂತ ಕಲಿತದ್ದನ್ನೇ ಉಲ್ಟಾ ಓಡಿಸುವುದು ಅಷ್ಟೆ.

ಮೊದಲನೆಯದು: ಎರಡನೇ ತುಂಡು ಗ, ದ, ಬ ದಿಂದ ಶುರುವಾಗಿ ಅರ್ಥ ಕೊಡದಿದ್ದರೆ ಅಲ್ಲಿ ಕ, ತ, ಪ ಇಟ್ಟು ನೋಡಿ. ಮಳೆಗಾಲದಲ್ಲಿರುವುದು ಕಾಲ. ಬೆಟ್ಟದಾವರೆಯಲ್ಲಿರುವುದು ತಾವರೆ. ಹೊಸಗನ್ನಡದಲ್ಲಿರುವುದು ಕನ್ನಡ.

ಎರಡನೆಯದು: ಹಳೆಗನ್ನಡದ ಮೊದಲಕ್ಷರ ಪ ಆಗಿದ್ದರೆ ಈಗ ಅದು ಹೆಚ್ಚಾಗಿ ಹ. ಪಾಲು ಹಾಲಾಯಿತು, ಪೆಸರು ಹೆಸರಾಯಿತು, ಪೂ ಹೂವಾಯಿತು. ಇದನ್ನು ಕಲಿಯಲು ಕೊಡಗಿಗಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಕೊಡವ ತಕ್ಕ್‌ನಲ್ಲಿ ಆ ಪ ಹಾಗೇ ಉಳಿದಿದೆ. ಹೋಟೆಲಿನ ಬೋರ್ಡಿನಲ್ಲಿ 'ಪಂದಿ ಕರಿ' ಅಂತ ಇರುತ್ತದೆ. ಪಂದಿ ನಮ್ಮ ಹಂದಿ. ಅದಕ್ಕೆ ಹಾಕುವ ಕಪ್ಪು, ಗಟ್ಟಿ, ನಾಲಿಗೆ ಚುರ್ ಅನ್ನಿಸುವ ಕಾಚಂಪುಳಿಯ ಪುಳಿ ನಮ್ಮ ಹುಳಿ. ಪುತ್ತರಿಯೇ ಕನ್ನಡದಲ್ಲಿ ಹುತ್ತರಿ, ಹೊಸ ಅಕ್ಕಿಯ ಹಬ್ಬ. ಪೊನ್ನಂಪೇಟೆಯ ಪೊನ್ನು ಹೊನ್ನು. ಬಸ್ಸಿನಲ್ಲಿ ಕೂತು ಬೋರ್ಡು ಓದುತ್ತಾ ಹೋದರೆ ಹಳೆಗನ್ನಡದ ಅರ್ಧ ಪಾಠ ಮುಗಿಯುತ್ತದೆ. ಹಾಗಂತ ಎಲ್ಲ ಪ ಬದಲಾಗುವುದಿಲ್ಲ. ಪುಸ್ತಕ, ಪತ್ರ, ಪೊಲೀಸು ಹಾಗೇ ಇರುತ್ತವೆ, ಅವು ಹೊರಗಿನಿಂದ ಬಂದವು. ಕೆಲವು ಕಡೆ ಎರಡೂ ಉಳಿದು ಬೇರೆ ಬೇರೆ ಕೆಲಸ ಹಿಡಿದಿವೆ. 'ಪಡೆ' ಅಂದರೆ ಪಡೆದುಕೊಳ್ಳುವುದು, 'ಹಡೆ' ಅಂದರೆ ಮಗು ಹೆರುವುದು.

ಈಗ ಈ ಎರಡನ್ನೂ ಸೇರಿಸಿ ಕಂಬನಿ ಬಿಚ್ಚೋಣ. ಕಂ, ಬನಿ. ಬ ತೆಗೆದು ಪ ಹಾಕಿ: ಪನಿ. ಪ ತೆಗೆದು ಹ ಹಾಕಿ: ಹನಿ. ಹಿಂದಿರುವುದು ಕಣ್ಣು. ಕಣ್ಣಿನ ಹನಿ. ಇನ್ನು ಸುತ್ತ ಕೇಳಿ. ಮುದುಕಿ ಅದನ್ನು ಒರೆಸಿಕೊಂಡಳು. ಎರಡೂ ಸಾಕ್ಷಿ ಕೂಡಿದವು. ಹುಡುಗಿ ಇದನ್ನು ಬಿಚ್ಚಿದಾಗ ಕರೆಂಟ್ ಬಂದಷ್ಟೇ ಖುಷಿಪಟ್ಟಳು.

ಮೂರನೆಯದು: ಮೊದಲಲ್ಲಿ 'ಹೆ' ಇದ್ದು ಅದರ ಮುಂದೆ ಒತ್ತಕ್ಷರ ಇದ್ದರೆ 'ದೊಡ್ಡ' ಅಂತ ಇಟ್ಟು ನೋಡಿ. ಹೆದ್ದಾರಿ ದೊಡ್ಡ ದಾರಿ, ಹೆಮ್ಮರ ದೊಡ್ಡ ಮರ, ಹೆಬ್ಬಾಗಿಲು ದೊಡ್ಡ ಬಾಗಿಲು, ಹೆಮ್ಮಳೆ ದೊಡ್ಡ ಮಳೆ. ಹೆಬ್ಬಾವು ದೊಡ್ಡ ಹಾವು, ಅಲ್ಲಿ ಪಾವು ಬಾವು ಆಗಿದೆ. ಪರೀಕ್ಷೆ ಏನೆಂದರೆ, ಉಳಿದ ತುಂಡು ತಾನೇ ಒಂದು ಪದವಾಗಿರಬೇಕು. ಹೆಜ್ಜೆ, ಹೆಪ್ಪು ಈ ಲೆಕ್ಕಕ್ಕೆ ಬರುವುದಿಲ್ಲ, 'ಜೆ', 'ಪು' ಅಂತ ಪದ ಇಲ್ಲವಲ್ಲ. ಇದೇ ಜಾತಿಯದು 'ನಟ್ಟಿರುಳು'. ನಡು ಮತ್ತು ಇರುಳು ಸೇರಿ ಗಟ್ಟಿಯಾಗಿದೆ. ಸರಿರಾತ್ರಿ.

ನಾಲ್ಕನೆಯದು ಸಂಸ್ಕೃತದಿಂದ ಬಂದು ಇಲ್ಲಿನ ನೀರು ಕುಡಿದು ಬದಲಾದ ಪದಗಳದ್ದು. ವ ಇದ್ದದ್ದು ಬ ಆಗುತ್ತದೆ: ವನ ಬನ ಆಯಿತು, ವರ್ಣ ಬಣ್ಣ ಆಯಿತು. ಯ ಇದ್ದದ್ದು ಜ ಆಗುತ್ತದೆ: ಯಾತ್ರೆ ಜಾತ್ರೆ ಆಯಿತು. ಇಲ್ಲಿ ಊರೂರಿಗೆ ದೇವರಕಾಡು ಇದೆ, ಸಾವಿರಕ್ಕೂ ಹೆಚ್ಚು ಇವೆ ಕೊಡಗಿನಲ್ಲಿ. ಅವನ್ನೇ ಕೆಲವರು ದೇವರ ಬನ ಅನ್ನುತ್ತಾರೆ. ಆ ಬನದ ಹಿಂದೆ ವನ ಇದೆ.

ಈ ನಾಲ್ಕನೇ ಲೆಕ್ಕದಿಂದಲೇ 'ಬಸವಳಿ' ಬಿಚ್ಚಿಕೊಂಡದ್ದು, ಆದರೆ ತುಂಬಾ ತಡವಾಗಿ. ಹುಡುಗಿ ಅದನ್ನು ಮೊದಲು 'ಬಸವ' ಮತ್ತು 'ಅಳಿದ' ಅಂತ ಒಡೆದಳು. "ಮುದುಕಿಯ ಬಸವ ಸತ್ತೋಗಿದೆ, ಅದಕ್ಕೇ ಅಳ್ತಿದ್ದಾಳೆ ಆಂಟಿ." ಕಥೆ ಚೆನ್ನಾಗೇ ಇತ್ತು! ಪದದ ಒಳಗಿನ ಸಾಕ್ಷಿ ಅವಳ ಕಡೆಗೇ ಇತ್ತು. ಹೊರಗಿನ ಸಾಕ್ಷಿ ಕೇಳು ಅಂದೆ. ಪ್ಯಾರಾದಲ್ಲಿ ಎಲ್ಲಿಯೂ ಎತ್ತಿನ ಸುದ್ದಿ ಇಲ್ಲ. 'ಬೆಳಗಿನಿಂದ ನಡೆದು' ಅಂತ ಇದೆ. ಬೆಳಗಿನಿಂದ ನಡೆದರೆ ಏನಾಗುತ್ತದೆ? "ಸುಸ್ತು." ಆ ಪದ ತೆಗೆದು ಸುಸ್ತಾದ ಅಂತ ಇಟ್ಟು ಓದಿದಳು. ಕೂತಿತು. ಒಡೆಯುವ ಜಾಗ ಬೇರೆ: ಬಸ, ಅಳಿ. ಬಸ ಅಂದರೆ ವಶ. ಮೈ ತನ್ನ ವಶದಲ್ಲಿ ಇಲ್ಲದಷ್ಟು ದಣಿಯುವುದು. ನನಗೇ ಹೀಗೆ ಒಡೆಯುವುದು ಗೊತ್ತಿರಲಿಲ್ಲ, ಕರೆಂಟ್ ಬಂದ ಮೇಲೆ ನಿಘಂಟು ನೋಡಿ ತಿಳಿದುಕೊಂಡೆ. ಆದರೆ ಅರ್ಥ ಅಷ್ಟು ಹೊತ್ತಿಗಾಗಲೇ ಕೈಗೆ ಸಿಕ್ಕಿತ್ತು. ಒಡೆಯಲು ಬರದಿದ್ದರೂ ಓದು ನಿಲ್ಲುವುದಿಲ್ಲ ಅಂತ ಹೇಳುವುದಕ್ಕೆ ಇದನ್ನು ಇಷ್ಟು ಉದ್ದ ಬರೆದೆ.

ಬಾಲಗಳ ಬಗ್ಗೆ ಒಂದೆರಡು ಮಾತು ಸಾಕು. 'ಇಗ' ಬಂದರೆ ಹೆಚ್ಚಾಗಿ ಮನುಷ್ಯ: ಗಾಣಿಗ, ಹೂವಾಡಿಗ, ಅಂಬಿಗ. ಅಂಬಿ ಅಂದರೆ ದೋಣಿ ಅಂತ ಇದರಿಂದಲೇ ಹಿಂದಕ್ಕೆ ಹೋಗಿ ತಿಳಿಯಬಹುದು. 'ದಾರ' ಬಂದರೆ ಏನನ್ನೋ ಹೊಂದಿರುವವನು: ಹಕ್ಕುದಾರ, ವಾರಸುದಾರ. 'ಗೇಡಿ' ಬಂದರೆ ಯಾವುದೋ ಕೆಟ್ಟಿದೆ.

ಸರ್ಕಾರಿ ಕನ್ನಡಕ್ಕೆ ಬೇರೆ ಕತ್ತರಿ ಬೇಕು. ಅಲ್ಲಿ ಮುಂದುಗಡೆಯಿಂದ ಕತ್ತರಿಸಿ. ನಿರಾಕ್ಷೇಪಣಾ ಪತ್ರ: ನಿರ್ ಅಂದರೆ ಇಲ್ಲ, ಆಕ್ಷೇಪಣೆ ಇಲ್ಲ ಅಂತ ಕೊಡುವ ಪತ್ರ. ಅನಾನುಕೂಲ: ಅನುಕೂಲ ಅಲ್ಲದ್ದು. ಆದರೆ 'ಅನುದಾನ' ನೋಡಿ 'ದಾನ ಇಲ್ಲ' ಅಂದುಕೊಂಡರೆ ಕೆಟ್ಟಿರಿ. ಅಲ್ಲಿರುವುದು 'ಅನ್' ಅಲ್ಲ, 'ಅನು'.

ಊಹೆಯನ್ನು ವಾಕ್ಯದಲ್ಲಿ ಕೂರಿಸಿ ಗಟ್ಟಿಯಾಗಿ ಓದುವುದು

ಪದ ತೆಗೆಯಿರಿ, ನಿಮ್ಮ ಅರ್ಥ ಹಾಕಿ, ಬಾಯಿಬಿಟ್ಟು ಓದಿ. ಮನಸ್ಸಿನಲ್ಲಿ ಓದಿದರೆ ತಪ್ಪು ಜಾರಿಕೊಂಡು ಹೋಗುತ್ತದೆ, ಕಿವಿಗೆ ಬಿದ್ದರೆ ಸಿಕ್ಕಿಬೀಳುತ್ತದೆ. ಅದೇ ಪದ ಮುಂದೆ ಇನ್ನೊಂದು ಪುಟದಲ್ಲಿ ಬಂದರೆ ಅಲ್ಲೂ ಹಾಕಿ ನೋಡಿ. ಎರಡು ಕಡೆ ಕೂತರೆ ಬಹುಪಾಲು ಸರಿ.

ಆಮೇಲೆ ಊಹೆಯನ್ನು ಬರೆದಿಡಿ. ಇದನ್ನು ಬಿಡುವವರೇ ಜಾಸ್ತಿ. ಬರೆಯದೆ ನಿಘಂಟು ನೋಡಿದರೆ 'ನಾನೂ ಇದನ್ನೇ ಅಂದುಕೊಂಡಿದ್ದೆ' ಅಂತ ಮನಸ್ಸು ಸುಳ್ಳು ಹೇಳುತ್ತದೆ. ನನ್ನ ಮನಸ್ಸಂತೂ ಪ್ರತಿ ಸಲ ಹೇಳುತ್ತದೆ.

ಕರೆಂಟ್ ಬಂದ ಮೇಲೆ: ನಿಘಂಟು

ನಿಘಂಟಿನಲ್ಲಿ ಪದ ಇಲ್ಲ ಅಂತ ಹತ್ತಕ್ಕೆ ಏಳು ಸಲ ನಾವು ಹೇಳುವುದು ತಪ್ಪು ರೂಪ ಹುಡುಕಿ. ತುಲಾ ಸಂಕ್ರಮಣದ ದಿನ 'ತಲಕಾವೇರಿಯಲ್ಲಿ ಮಿಂದು ಬಂದರು' ಅಂತ ಓದಿ ಹುಡುಗಿ 'ಮಿಂದು' ಹುಡುಕಿದಳು. ಸಿಗಲಿಲ್ಲ. ನಿಘಂಟಿನಲ್ಲಿ ಇರುವುದು 'ಮೀ', 'ಮೀಯು', ಅಂದರೆ ಸ್ನಾನ ಮಾಡುವುದು. ಕ್ರಿಯಾಪದವನ್ನು ಬೇರಿಗೆ ತಂದು ಹುಡುಕಬೇಕು. ನೊಂದ ಅಂದರೆ ನೋಯು, ಬೆಂದ ಅಂದರೆ ಬೇಯು, ಹೀಗೆ ಹ್ರಸ್ವ ದೀರ್ಘವಾಗಿ ಯು ಬರುತ್ತದೆ. ಹೊತ್ತ ಅಂದರೆ ಹೊರು, ಹೆತ್ತ ಅಂದರೆ ಹೆರು, ತೆತ್ತ ಅಂದರೆ ತೆರು. ಆದರೆ ಅತ್ತ ಅಂದರೆ ಅಳು, ಕಿತ್ತ ಅಂದರೆ ಕೀಳು. ಹೊದ್ದು ಕೂತ ಮುದುಕಿಗೆ 'ಹೊದೆ' ಹುಡುಕಿ. ಒಂದರಲ್ಲಿ ಸಿಗದಿದ್ದರೆ ಇನ್ನೊಂದು. ನಾಲ್ಕು ಸಲ ಮಾಡಿದರೆ ಕೈ ಕೂರುತ್ತದೆ.

ಸೊನ್ನೆ ಇರುವ ಪದಗಳನ್ನು ಎಲ್ಲ ನಿಘಂಟುಗಳೂ ಒಂದೇ ಜಾಗದಲ್ಲಿ ಇಡುವುದಿಲ್ಲ, ಮೊದಲು ನಾಲ್ಕು ಪುಟ ತಿರುಗಿಸಿ ಕ್ರಮ ನೋಡಿಕೊಳ್ಳಿ. ಕ್ಷ ಬೇಕಾದರೆ ಕ ದಲ್ಲಿ, ಜ್ಞ ಬೇಕಾದರೆ ಜ ದಲ್ಲಿ ಹುಡುಕಿ. ಹಳೆ ನಿಘಂಟಿನಲ್ಲಿ ೞ, ಱ ಎಂಬ ಅಕ್ಷರ ಕಂಡರೆ ಗಾಬರಿ ಬೇಡ. ಮೊದಲನೆಯದು ಈಗ ಳ ಆಗಿದೆ, ಎರಡನೆಯದು ರ ಆಗಿದೆ.

ಯಾವ ನಿಘಂಟು ಅಂತ ಕೇಳಿದರೆ, ಫೋನಿನಲ್ಲಿ ನೋಡಲು 'ಅಲರ್' ಎಂಬ ನಿಘಂಟು ಸಾಕು, ಕನ್ನಡದಿಂದ ಇಂಗ್ಲಿಷಿಗೆ, ಉಚಿತ. ಒಬ್ಬರೇ ದಶಕಗಳ ಕಾಲ ಕೂತು ಕಟ್ಟಿದ ಪದರಾಶಿ ಅದು. ಅಂದಹಾಗೆ ಅಲರ್ ಅಂದರೆ ಹೂವು. ಹಳೆಗನ್ನಡದ ಪದಕ್ಕೆ ಈಗಲೂ ನಾನು ಕಿಟೆಲ್ ನಿಘಂಟಿಗೇ ಹೋಗುತ್ತೇನೆ. 1894ರಲ್ಲಿ ಬಂದದ್ದು, ಎಪ್ಪತ್ತು ಸಾವಿರದಷ್ಟು ಪದಗಳಿವೆ. ಜರ್ಮನಿಯಿಂದ ಬಂದ ಕಿಟೆಲ್ ಮಂಗಳೂರು, ಧಾರವಾಡದ ಜೊತೆಗೆ ನಮ್ಮ ಮಡಿಕೇರಿಯಲ್ಲೂ ಕೆಲಸ ಮಾಡಿದವರು. ಇದನ್ನು ಹೇಳಿದಾಗಿನಿಂದ ಹುಡುಗಿಗೆ ಆ ದಪ್ಪ ಪುಸ್ತಕದ ಮೇಲೆ ಸ್ವಲ್ಪ ಸಲುಗೆ ಬಂದಿದೆ. ಪದ ಯಾವ ಕಾವ್ಯದಲ್ಲಿ ಹೇಗೆ ಬಳಕೆಯಾಗಿದೆ ಅಂತ ನೋಡಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ, ಜಿ. ವೆಂಕಟಸುಬ್ಬಯ್ಯನವರ ನೇತೃತ್ವದಲ್ಲಿ ಆದದ್ದು. ಮನೆಯಲ್ಲಿ ಇಟ್ಟುಕೊಳ್ಳುವ ಗಾತ್ರದ್ದಲ್ಲ, ದೊಡ್ಡ ಗ್ರಂಥಾಲಯಕ್ಕೆ ಹೋದಾಗ ಪಟ್ಟಿ ಹಿಡಿದು ಹೋಗಿ.

ನಿಘಂಟು ಒಂದೇ ಪದಕ್ಕೆ ಎಂಟು ಅರ್ಥ ಕೊಟ್ಟರೆ ಮೊದಲನೆಯದನ್ನೇ ಎತ್ತಿಕೊಳ್ಳಬೇಡಿ. ಬರೆದಿಟ್ಟ ಊಹೆಯ ಹತ್ತಿರ ಇರುವುದನ್ನು ಹುಡುಕಿ. ಊಹೆ ಮಾಡದೆ ಬಂದವರಿಗೆ ಎಂಟೂ ಒಂದೇ ಥರ ಕಾಣುತ್ತವೆ.

ನಿಘಂಟಿನಲ್ಲಿ ಇಲ್ಲದ್ದು, ಊಹಿಸಬಾರದ್ದು

ಕೊಡಗಿನಲ್ಲಿ ಒಂದು ಸಂತೆ ಸುತ್ತಿದರೆ ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲ ಕಿವಿಗೆ ಬೀಳುತ್ತವೆ. ಇಲ್ಲಿನವರ ಕನ್ನಡ ಬರಹದಲ್ಲೂ ಅವೆಲ್ಲ ನುಸುಳುತ್ತವೆ. ಬೈಂಬಳೆ ಅಂದರೆ ಎಳೆ ಬಿದಿರು, ನಮ್ಮ ಕಳಲೆ. ಕುಮ್ಮು ಅಂದರೆ ಅಣಬೆ. ಕಕ್ಕಡ ಅಂದರೆ ಮಳೆ ಕಾರುವ ಕರ್ಕಾಟಕ ಮಾಸ. ನೂಪುಟ್ಟು ಅಂದರೆ ಒತ್ತು ಶ್ಯಾವಿಗೆ, ಅದರಲ್ಲಿರುವ ನೂಲನ್ನು ಮಾತ್ರ ಯಾವ ಕನ್ನಡಿಗನೂ ಗುರುತಿಸಬಹುದು. ಇಂಥದ್ದಕ್ಕೆ ಮನುಷ್ಯರನ್ನೇ ಕೇಳಬೇಕು. ಕೇಳುವಾಗ ಪದ ಒಂದನ್ನೇ ಕೇಳಬೇಡಿ, ಇಡೀ ಸಾಲು ಓದಿ ಹೇಳಿ. 'ನರಿ ಅಂದರೇನು' ಅಂತ ಕೇಳಿದರೆ ಯಾರಾದರೂ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು ಅಷ್ಟೆ.

ಜಮೀನಿನ ಕಾಗದದಲ್ಲಿ ಮಾತ್ರ ಊಹೆಗೆ ಜಾಗವೇ ಇಲ್ಲ. ಬಂದ ಹೊಸದರಲ್ಲಿ ಯಜಮಾನರ ಮೇಜಿನ ಮೇಲೆ 'ಪೈಸಾರಿ' ಅಂತ ಓದಿ ಯಾವುದೋ ಪೈಸೆ ಲೆಕ್ಕದ ತೆರಿಗೆ ಅಂದುಕೊಂಡಿದ್ದೆ. ಪೈಸಾರಿ ಅಂದರೆ ಇಲ್ಲಿ ಸರ್ಕಾರದ ಪಾಳು ಜಾಗ. ಯಾರೋ ಮಾರಲು ತಂದ ಜಾಗದ ಕಾಗದದಲ್ಲಿ ಆ ಪದ ಇದ್ದರೆ ಪೈಸೆ ಕೊಡುವ ಮೊದಲೇ ವಿಚಾರಿಸಬೇಕು! ಬಾಣೆ ಅಂದರೆ ಗದ್ದೆಗೆ ಹೊಂದಿಕೊಂಡು ಸೊಪ್ಪು, ಸೌದೆ, ಮೇವಿಗೆ ಅಂತ ಬಿಟ್ಟ ಎತ್ತರದ ಜಾಗ. ಜಮ್ಮ ಎಂಬುದು ಜನ್ಮದಿಂದ ಬಂದದ್ದು, ವಂಶದಿಂದ ಇಳಿದು ಬರುವ ಹಿಡುವಳಿ. ಪಹಣಿಯ ಖುಷ್ಕಿ ಒಣ ಭೂಮಿ, ತರಿ ನೀರಿನ ಗದ್ದೆ, ಖರಾಬು ಸಾಗುವಳಿಗೆ ಬರದ್ದು. ಅರ್ಥ ಗೊತ್ತಾದರೂ ಅದರ ಹಿಂದಿನ ಹಕ್ಕು ಗೊತ್ತಾದ ಹಾಗಲ್ಲ. ಅದಕ್ಕೆ ಗೊತ್ತಿರುವ ವಕೀಲರನ್ನೋ ಕಂದಾಯ ಕಚೇರಿಯವರನ್ನೋ ಕೇಳಿ. ಔಷಧಿ ಚೀಟಿಗೂ, ಗೊಬ್ಬರ ಕೀಟನಾಶಕದ ಲೇಬಲ್ಲಿಗೂ ಇದೇ ಮಾತು.

ದಿನಕ್ಕೆ ಎಷ್ಟು

ಒಂದು ಸಂಜೆಗೆ ಐದು ಪದ ಬಿಚ್ಚಿದರೆ ಸಾಕು. ಪುಟಕ್ಕೆ ಹತ್ತು ಹದಿನೈದು ಗೀಟು ಬೀಳುತ್ತಿದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ, ಮುಂದಿನ ವರ್ಷ ತೆಗೆಯಿರಿ. ನಮ್ಮ ಪಟ್ಟಿ ಹೀಗಿದೆ: ಎಡಗಡೆ ಪದ, ನಡುವೆ ಅದು ಬಂದ ಸಾಲು, ಬಲಗಡೆ ಊಹೆ. ನಿಘಂಟಿನ ಅರ್ಥ ಕೆಳಗೆ ಕೆಂಪು ಪೆನ್ನಿನಲ್ಲಿ. ಊಹೆ ತಪ್ಪಿದ್ದರೆ ಅಳಿಸುವುದಿಲ್ಲ. 'ಬಸವ ಸತ್ತ ಮುದುಕಿ' ಇನ್ನೂ ಹಾಗೇ ಇದ್ದಾಳೆ, ಆ ಪದ ನಮಗಿಬ್ಬರಿಗೂ ಈ ಜನ್ಮದಲ್ಲಿ ಮರೆಯುವುದಿಲ್ಲ.

ನೋಟ್‌ಬುಕ್ಕನ್ನು ಒಲೆಯ ಮೇಲಿನ ಗೂಡಿನಲ್ಲಿ ಇಡಿ. ಹೋದ ವರ್ಷ ಕಪಾಟಿನಲ್ಲಿಟ್ಟಿದ್ದೆವು. ಆಗಸ್ಟಿನಲ್ಲಿ ತೆಗೆದು ನೋಡಿದರೆ 'ಅ'ಯಿಂದ 'ಗ'ವರೆಗೆ ಬೂಸ್ಟು ಹಿಡಿದಿತ್ತು.